ಕಾಫಿ ತೋಟಗಳ ಪೋಡಿ ಮಾಡಿಕೊಡಿ: ಕಾಫಿ ಮಂಡಳಿಗೆ, ಕಂದಾಯ ಇಲಾಖೆಗೆ ಒಂದು ಬಹಿರಂಗ ಪತ್ರ

ಕಾಫಿ ಮಂಡಳಿಯ ಮತ್ತು ಕರ್ನಾಟಕ ಕಂದಾಯ ಇಲಾಖೆಯ ಹಿರಿಯ ಅಧಿಕಾರಿಗಳಿಗೆ ನಮಸ್ಕಾರ.

ನಾನು ಸಕಲೇಶಪುರ ತಾಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ. ಜಾಸ್ತಿ ರೋಬಸ್ಟಾ, ಮೇಲ್ಭಾಗದಲ್ಲಿ ಸ್ವಲ್ಪ ಅರೇಬಿಕಾ, ಮರಗಳಿಗೆ ಹಬ್ಬಿಸಿದ ಮೆಣಸು. ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯಲು ಕಾರಣ ಇದೆ. ಯಾರು ಎಷ್ಟು ಕಾಫಿ ಬೆಳೆಯುತ್ತಾರೆ ಅನ್ನೋ ಲೆಕ್ಕ ಮಂಡಳಿಯ ಕೆಲಸ. ಆ ತೋಟ ಯಾರದು, ಎಲ್ಲಿಂದ ಎಲ್ಲಿವರೆಗೆ ಅನ್ನೋದು ಕಂದಾಯ ಇಲಾಖೆಯ ಕೆಲಸ. ಒಂದೇ ಸರ್ವೆ ನಂಬರಿನ ಜಮೀನನ್ನು ಅಳೆದು ಪಾಲುದಾರರ ಹೆಸರಿಗೆ ಬೇರೆ ಬೇರೆ ಮಾಡುವ ಪೋಡಿಯೂ ಅದರಲ್ಲೇ ಬರುತ್ತದೆ. ಇವೆರಡೂ ಒಂದೇ ಕಾಗದದಲ್ಲಿ ಕೂಡಿ ಬರದಿದ್ದರೆ ನಮ್ಮಂಥವರ ಕಾಫಿ ಯುರೋಪಿಗೆ ಹೋಗುವುದು ಕಷ್ಟವಾಗುತ್ತದೆ. ಅದಕ್ಕೆ ಗಡುವೂ ಗೊತ್ತಾಗಿದೆ: 2026ರ ಡಿಸೆಂಬರ್ 30.

ವಿಷಯ ನಿಮಗೆ ಗೊತ್ತಿರುವುದೇ. ಪತ್ರ ಓದುವ ಉಳಿದವರಿಗಾಗಿ ಹೇಳುತ್ತೇನೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆಯಲು ಒಂದು ಕಾನೂನು ಮಾಡಿತು. ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ಮರ, ದನದ ಮಾಂಸ ಎಲ್ಲ ಅದರೊಳಗೆ ಬರುತ್ತವೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಬೆಳೆದ ದೇಶದ ಕಾನೂನಿನ ಪ್ರಕಾರವೇ ಅದು ಬೆಳೆದಿರಬೇಕು. ಯಾವ ಜಾಗದಲ್ಲಿ ಬೆಳೆಯಿತು ಅಂತ ಅಕ್ಷಾಂಶ, ರೇಖಾಂಶದ ಸಮೇತ ತೋರಿಸಬೇಕು. ತೋಟ 4 ಹೆಕ್ಟೇರ್‌ಗಿಂತ ಚಿಕ್ಕದಿದ್ದರೆ ಒಂದು ಬಿಂದು ಸಾಕು, ದೊಡ್ಡದಿದ್ದರೆ ಸುತ್ತಲಿನ ಗಡಿಯನ್ನೇ ಗುರುತಿಸಿ ಕೊಡಬೇಕು. ಜಾರಿಯ ದಿನವನ್ನು ಎರಡು ಸಲ ಮುಂದಕ್ಕೆ ಹಾಕಿ ಈಗ 2026ರ ಡಿಸೆಂಬರ್ 30ಕ್ಕೆ ಬಂದು ನಿಂತಿದೆ.

ಕಾನೂನಿನ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಕಾಡು ಉಳಿಯಲೇಬೇಕು. 2018 ಮತ್ತು 2019ರ ಮಳೆಗಾಲದಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಭಾರತವನ್ನು ಅರಣ್ಯನಾಶದ ಅಪಾಯ ಕಡಿಮೆ ಇರುವ ದೇಶ ಅಂತ 2025ರ ಮೇ ತಿಂಗಳಲ್ಲಿ ಅವರೇ ಪಟ್ಟಿ ಮಾಡಿದ್ದಾರೆ, ಅದು ಒಳ್ಳೆಯದೇ. ಅದರಿಂದ ತಪಾಸಣೆ ಕಡಿಮೆಯಾಗುತ್ತದೆ. ಆದರೆ ಜಾಗ ತೋರಿಸುವ ಕೆಲಸ ತಪ್ಪುವುದಿಲ್ಲ. ನಮ್ಮ ಕಷ್ಟ ಇರುವುದು ಅಲ್ಲೇ.

ಫೋನ್ ಹಿಡಿದು ತೋಟದ ನಡುವೆ ನಿಂತರೆ ಅಕ್ಷಾಂಶ, ರೇಖಾಂಶ ಕ್ಷಣದಲ್ಲಿ ಸಿಗುತ್ತದೆ. ಆ ಬಿಂದು ಯಾರ ಹೆಸರಿನ ಜಮೀನಿನಲ್ಲಿದೆ ಅಂತ ಕೇಳಿದಾಗ ಮಾತು ನಿಲ್ಲುತ್ತದೆ. ಮಲೆನಾಡಿನ ಪಹಣಿ ನೋಡಿದವರಿಗೆ ಇದು ಗೊತ್ತು. ತಾತ ತೀರಿಕೊಂಡು ಎಷ್ಟೋ ವರ್ಷವಾಗಿದೆ, ಪಹಣಿಯಲ್ಲಿ ಇನ್ನೂ ಅವರದೇ ಹೆಸರು. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಆಗಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಬೇಲಿ ಹಾಕಿಕೊಂಡು, ತಮ್ಮ ತಮ್ಮ ಪಾಲಿನಲ್ಲಿ ದುಡಿಯುತ್ತಿದ್ದಾರೆ. ಸರ್ವೆ ನಂಬರ್ ಒಂದೇ, ಪೋಡಿ ಆಗಿಲ್ಲ, ಪಾಲಿಗೊಂದು ಹಿಸ್ಸಾ ನಂಬರ್ ಬಿದ್ದಿಲ್ಲ. ಕೊಡಗಿನ ಕಡೆ ಕುಟುಂಬಕ್ಕೆ ಪರಂಪರೆಯಿಂದ ಬಂದ ಜಮ್ಮಾ ಜಮೀನಿನ ಕಥೆ ಇನ್ನೂ ಉದ್ದ. ಅಲ್ಲಿ ಪಟ್ಟೇದಾರರ ಹೆಸರು, ಇಡೀ ಕುಟುಂಬದ ಹಕ್ಕು ಎಲ್ಲ ಒಟ್ಟಿಗೆ ಹೆಣೆದುಕೊಂಡಿದೆ. ಇದರ ಮೇಲೆ ಬಗರ್ ಹುಕುಂ ಜಮೀನು, ಅಂದರೆ ಮಂಜೂರಾತಿ ಇಲ್ಲದೆ ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಾಗ. ಸಕ್ರಮ ಮಾಡಿಕೊಡಿ ಅಂತ ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಕಾದು ಕುಳಿತವರು ಎಲ್ಲ ಹೋಬಳಿಯಲ್ಲೂ ಇದ್ದಾರೆ. ಸರ್ಕಾರಿ ಜಾಗದಲ್ಲಿ ಹಿಂದಿನಿಂದ ಕಾಫಿ ಬೆಳೆಯುತ್ತಿರುವವರಿಗೆ 30 ವರ್ಷದ ಗುತ್ತಿಗೆ ಕೊಡಲು ರಾಜ್ಯ ಸರ್ಕಾರ ಕಾನೂನು ತಿದ್ದಿದೆ. ಆ ಗುತ್ತಿಗೆ ಪತ್ರ ಕೈಗೆ ಸಿಗುವವರೆಗೆ ಆ ಕಾಫಿ ಕಾನೂನಿನ ಪ್ರಕಾರ ಬೆಳೆದದ್ದು ಅಂತ ಯಾರು ಬರೆದುಕೊಡುತ್ತಾರೆ?

ಈ ಜಾಗಗಳಲ್ಲಿ ಯಾರೂ 2020ರ ನಂತರ ಕಾಡು ಕಡಿದಿಲ್ಲ. ಗಿಡಗಳ ಬುಡ ನೋಡಿದರೆ ಸಾಕು, ಅವುಗಳ ವಯಸ್ಸು ಗೊತ್ತಾಗುತ್ತದೆ. ತಪ್ಪು ತೋಟದಲ್ಲಿಲ್ಲ, ಕಾಗದದಲ್ಲಿದೆ. ಆ ಕಾಗದವನ್ನು ಸರಿ ಮಾಡುವ ಅಧಿಕಾರ ಬೆಳೆಗಾರನಿಗಿಲ್ಲ, ನಿಮಗಿದೆ.

ಇಷ್ಟು ಹೇಳಿ ಅರ್ಜಿ ಮುಗಿಸಬಹುದಿತ್ತು. ಆದರೆ ಈ ಒಂದು ಗಡುವನ್ನು ಮಾತ್ರ ನೋಡಿದರೆ ಸಾಲದು ಅನ್ನಿಸುತ್ತದೆ. ನಮ್ಮ ಕಾಫಿಯ ಹಿಂದಿನ ಮೂವತ್ತು ನಲವತ್ತು ವರ್ಷ ನೋಡಿದರೆ ಜಗತ್ತಿನ ಮಾರುಕಟ್ಟೆ ನಮ್ಮ ಅಂಗಳಕ್ಕೆ ಬಂದಾಗಲೆಲ್ಲ ಏನಾಯಿತು ಅನ್ನೋದು ಕಾಣುತ್ತದೆ.

1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆದ ಕಾಫಿಯನ್ನು ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಕೊಡಬೇಕಿತ್ತು. ಹೊರಗೆ ಮಾರಿದರೆ ಅಪರಾಧ. ಮಂಡಳಿ ಹರಾಜು ಹಾಕುತ್ತಿತ್ತು, ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಕುಯ್ಲು ಬಂದಿರುತ್ತಿತ್ತು ಅಂತ ನಮ್ಮ ತಂದೆ ಹೇಳುತ್ತಿದ್ದರು. ದೇಶ ದೇಶಗಳು ಸೇರಿ ರಫ್ತಿಗೆ ಕೋಟಾ ಹಾಕಿಕೊಂಡಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದ 1989ರ ಜುಲೈನಲ್ಲಿ ಮುರಿದುಬಿತ್ತು, ಬೆಲೆ ಕುಸಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ನಮ್ಮ ಕಾಫಿಯ ದೊಡ್ಡ ಗಿರಾಕಿ ಅವರೇ, ಅದೂ ರೂಪಾಯಿ ಲೆಕ್ಕದಲ್ಲಿ. ಇಲ್ಲಿ ಪೂಲ್ ನಡೆಸುವುದು ಕಷ್ಟವಾಯಿತು. 1992ರಿಂದ ಸ್ವಲ್ಪ ಸ್ವಲ್ಪ ಸಡಿಲಿಸಿ 1996ಕ್ಕೆ ಪೂರ್ತಿ ಬಿಟ್ಟುಬಿಟ್ಟರು.

ಬಿಟ್ಟಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅದೇ ಹೊತ್ತಿಗೆ ಬ್ರೆಜಿಲ್‌ನಲ್ಲಿ 1994ರ ಹಿಮ ಬಿದ್ದು ಬೆಲೆ ಏರಿತ್ತು. ಮಾರಿದ ದಿನವೇ ದುಡ್ಡು ಕೈಗೆ ಬಂದದ್ದನ್ನು ನಮ್ಮ ಹಿರಿಯರು ಮೊದಲ ಬಾರಿಗೆ ನೋಡಿದರು. ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ಆದರೆ ಪೂಲ್ ಹೋದಾಗ ಅದರ ಜೊತೆ ಇನ್ನೂ ಕೆಲವು ಹೋದವು. ಬೆಲೆ ಬಿದ್ದರೆ ಎಲ್ಲರಿಗೂ ಹಂಚಿಕೆಯಾಗುತ್ತಿದ್ದ ನಷ್ಟ ಈಗ ಒಬ್ಬೊಬ್ಬರ ತಲೆ ಮೇಲೆ. ಗುಣಮಟ್ಟ ಅಳೆಯುವುದು, ಗಿರಾಕಿ ಹುಡುಕುವುದು, ಮಾರುಕಟ್ಟೆ ತಿಳಿಯುವುದು, ಎಲ್ಲವೂ ಎರಡು ಮೂರು ಎಕರೆಯವನ ಜವಾಬ್ದಾರಿ.

ಅದರ ಬಿಸಿ ತಟ್ಟಲು ತಡವಾಗಲಿಲ್ಲ. ವಿಯೆಟ್ನಾಂ 90ರ ದಶಕದಲ್ಲಿ ರೋಬಸ್ಟಾ ಹಾಕುತ್ತಾ ಹೋಗಿ, ಹೊಸ ಶತಮಾನ ಬರುವ ಹೊತ್ತಿಗೆ ಬ್ರೆಜಿಲ್‌ನ ನಂತರ ಎರಡನೇ ದೊಡ್ಡ ದೇಶವಾಗಿ ನಿಂತಿತು. 2001ರ ಕೊನೆಗೆ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಒಂದು ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಬಿತ್ತು. ಆ ವರ್ಷಗಳಲ್ಲಿ ಆಳಿನ ಕೂಲಿಯೂ ಹುಟ್ಟದೆ ತೋಟ ಹಾಳು ಬಿಟ್ಟವರನ್ನು, ಸಾಲದಲ್ಲಿ ಮುಳುಗಿದವರನ್ನು ನಮ್ಮ ತಾಲೂಕು ಕಂಡಿದೆ. ವಿಯೆಟ್ನಾಂನ ರೈತರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ನಮ್ಮ ಹಾಗೆಯೇ ಒಂದೆರಡು ಹೆಕ್ಟೇರ್‌ನವರು, ಅದೇ ಬೆಲೆಗೆ ಅವರೂ ಮಾರಿದರು.

2025ರ ಫೆಬ್ರವರಿಯಲ್ಲಿ ಅದೇ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಲಂಡನ್‌ನಲ್ಲಿ ರೋಬಸ್ಟಾ ಟನ್ನಿಗೆ 5,500 ಡಾಲರ್ ಮೇಲೆ ಹೋಯಿತು. ಬ್ರೆಜಿಲ್, ವಿಯೆಟ್ನಾಂ ಎರಡೂ ಕಡೆ ಬರ ಬಂದದ್ದು ಮುಖ್ಯ ಕಾರಣ. ಆ ಬೆಲೆ ನಮಗೂ ಸಿಕ್ಕಿತು, ಹಳೆಯ ಸಾಲ ಎಷ್ಟೋ ಜನರದ್ದು ತೀರಿತು. 2024-25ರಲ್ಲಿ ದೇಶದ ಕಾಫಿ ರಫ್ತು ಸುಮಾರು 180 ಕೋಟಿ ಡಾಲರ್ ಮುಟ್ಟಿತು. ಬೆಲೆ ಚೆನ್ನಾಗಿದ್ದಾಗ ಯಾರೂ ಕಾಗದದ ಬಗ್ಗೆ ಯೋಚಿಸುವುದಿಲ್ಲ. ನನಗೆ ಭಯ ಇರುವುದು ಇದೇ. ಬೆಲೆ ಇಳಿದ ದಿನ ಗಿರಾಕಿ ಆರಿಸಲು ಶುರು ಮಾಡುತ್ತಾನೆ. ಆಗ ಕಾಗದ ಇಲ್ಲದವನ ಕಾಫಿ ಮೊದಲು ಪಕ್ಕಕ್ಕೆ ಹೋಗುತ್ತದೆ.

ಅದು ಹೇಗೆ ಅಂತ ತಿಳಿಯಲು ನಮ್ಮ ಊರಿನಲ್ಲಿ ಕಾಫಿ ಮಾರುವ ರೀತಿ ನೋಡಬೇಕು.

ಕಣದಲ್ಲಿ ಒಣಗಿಸಿದ ರೋಬಸ್ಟಾ ಚೆರಿಯನ್ನು (ಸಿಪ್ಪೆ ಸಮೇತದ ಹಣ್ಣು) 50 ಕೆಜಿ ಮೂಟೆ ಕಟ್ಟುತ್ತೇವೆ. ವ್ಯಾಪಾರಿ ಬಂದು ಹಲವು ಮೂಟೆಯಿಂದ ಒಂದೊಂದು ಹಿಡಿ ತೆಗೆದು ಸ್ಯಾಂಪಲ್ ಮಾಡುತ್ತಾರೆ. ಸಿಪ್ಪೆ ತೆಗೆದು ತೂಗಿ ಔಟ್‌ಟರ್ನ್ ಹೇಳುತ್ತಾರೆ. ಔಟ್‌ಟರ್ನ್ 26 ಅಂದರೆ 50 ಕೆಜಿ ಮೂಟೆಯಲ್ಲಿ 26 ಕೆಜಿ ಬೀಜ ಸಿಗುತ್ತದೆ ಅಂತ ಅರ್ಥ. 25 ಅಂದರೆ ಮೂಟೆಗೆ ಒಂದು ಕೆಜಿ ಬೀಜದ ದುಡ್ಡು ಹೋಯಿತು. ತೇವ ಜಾಸ್ತಿ ಇದೆ ಅಂದರೆ ಇನ್ನಷ್ಟು ಕಡಿತ. ಅಳೆಯುವ ಯಂತ್ರ ಅವರದು, ತಕ್ಕಡಿ ಅವರದು, ಲೆಕ್ಕವೂ ಅವರದೇ. ಲಂಡನ್ ಬೆಲೆ ಪ್ರತಿ ಸಂಜೆ ಎಲ್ಲರ ವಾಟ್ಸಾಪ್‌ಗೆ ಬರುತ್ತದೆ, ಆದರೆ ನಮ್ಮ ಕಣದಲ್ಲಿರುವ ಕಾಫಿಯ ಔಟ್‌ಟರ್ನ್ ಎಷ್ಟು ಅಂತ ನಮಗೇ ಗೊತ್ತಿರುವುದಿಲ್ಲ. ವ್ಯಾಪಾರಿಗಳೆಲ್ಲ ಮೋಸ ಮಾಡುತ್ತಾರೆ ಅಂತ ಸುಮ್ನೆ ಆರೋಪ ಮಾಡುತ್ತಿಲ್ಲ. ಕಷ್ಟಕಾಲದಲ್ಲಿ ಮುಂಗಡ ಕೊಟ್ಟು ಕೈ ಹಿಡಿದವರೂ ಅವರೇ. ಎರಡೂ ಕಡೆಯವರಿಗೆ ಗೊತ್ತಿರಬೇಕಾದದ್ದು ಒಂದೇ ಕಡೆಯವರಿಗೆ ಗೊತ್ತಿದ್ದರೆ ಅದು ನ್ಯಾಯದ ವ್ಯಾಪಾರ ಆಗುವುದಿಲ್ಲ, ಅಲ್ವಾ?

ಹೀಗೆ ಕೊಂಡ ಕಾಫಿ ಗೋದಾಮಿಗೆ ಹೋಗುತ್ತದೆ. ಅಲ್ಲಿ ನನ್ನ ಮೂಟೆಗಳು, ಪಕ್ಕದವರ ಮೂಟೆಗಳು, ಆಚೆ ಊರಿನವರ ಮೂಟೆಗಳು ಎಲ್ಲ ಒಂದಾಗುತ್ತವೆ. ಹಾಸನ, ಚಿಕ್ಕಮಗಳೂರು ಅಥವಾ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ತೆಗೆದು, ಗಾತ್ರದ ಪ್ರಕಾರ ಬೇರ್ಪಡಿಸಿ, ಚೀಲಕ್ಕೆ ತುಂಬಿ ಮಂಗಳೂರು ಇಲ್ಲವೇ ಕೊಚ್ಚಿ ಬಂದರಿನಿಂದ ಕಳಿಸುತ್ತಾರೆ. ಜಾಸ್ತಿ ಹೋಗುವುದು ಇಟಲಿ, ಜರ್ಮನಿ, ಬೆಲ್ಜಿಯಂ ಕಡೆಗೆ. ಇಟಲಿಯವರ ಎಸ್‌ಪ್ರೆಸ್ಸೋ ಮೇಲೆ ನಿಲ್ಲುವ ನೊರೆಗೆ ನಮ್ಮ ರೋಬಸ್ಟಾ ಬೇಕು.

ಹೊಸ ಕಾನೂನಿನಲ್ಲಿ ಈ ಒಂದಾಗುವುದಕ್ಕೇ ಜಾಗವಿಲ್ಲ. ಎಲ್ಲಿ ಬೆಳೆದದ್ದು ಅಂತ ಗೊತ್ತಿಲ್ಲದ ಕಾಫಿಯನ್ನು ಗೊತ್ತಿರುವುದರ ಜೊತೆ ಬೆರೆಸುವಂತಿಲ್ಲ. ಬೆರೆಸಿದರೆ ಇಡೀ ಕಂಟೈನರ್ ಕಷ್ಟಕ್ಕೆ ಸಿಗುತ್ತದೆ. ಇದರ ಪರಿಣಾಮ ಊಹಿಸುವುದು ಕಷ್ಟವಲ್ಲ. ಗೋದಾಮಿನಲ್ಲಿ ಎರಡು ರಾಶಿ ಆಗುತ್ತವೆ, ಕಾಗದ ಇರುವುದು ಒಂದು, ಇಲ್ಲದ್ದು ಇನ್ನೊಂದು. ಎರಡಕ್ಕೂ ಎರಡು ಬೆಲೆ. ದೊಡ್ಡ ಎಸ್ಟೇಟುಗಳಿಗೆ ಕಚೇರಿ ಇದೆ, ಲೆಕ್ಕ ಬರೆಯುವ ರೈಟರ್ ಇದ್ದಾರೆ, ವಕೀಲರಿದ್ದಾರೆ, ಹಳೆಯ ಸರ್ಟಿಫಿಕೇಟುಗಳಿವೆ. ಅವರ ಕಾಫಿ ಮೊದಲ ರಾಶಿಗೆ ಹೋಗುತ್ತದೆ. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಜಾಸ್ತಿ 10 ಹೆಕ್ಟೇರ್ ಒಳಗಿನವು. ಆ ನಮ್ಮ ಕಾಫಿ ಎರಡನೇ ರಾಶಿಯಲ್ಲಿ ಉಳಿದರೆ ಏನು ಗತಿ ಹೇಳಿ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮದು ನೆರಳಿನ ಕಾಫಿ. ಹಲಸು, ನೇರಳೆ, ಅತ್ತಿ, ಸಿಲ್ವರ್ ಓಕ್ ಕೆಳಗೆ ಗಿಡ ಇರುತ್ತದೆ. ಬಯಲಲ್ಲಿ ಸಾಲು ಹಾಕಿದ ಬ್ರೆಜಿಲ್ ತೋಟದ ಹಾಗಲ್ಲ. ಮೇಲಿನಿಂದ ಉಪಗ್ರಹ ನೋಡಿದರೆ ಇಲ್ಲಿ ಮರಗಳ ತಲೆ ಮಾತ್ರ ಕಾಣುತ್ತದೆ, ಹಾಗಾಗಿ ಉಪಗ್ರಹದ ನಕ್ಷೆಯಲ್ಲಿ ಇಂಥ ತೋಟ ಕಾಡು ಅಂತ ಬೀಳುವುದುಂಟು. ಇಲ್ಲಿ ಪ್ರತಿ ವರ್ಷ ಮಳೆಗೆ ಮುಂಚೆ ಮರಗಸಿ ಮಾಡುತ್ತೇವೆ. ಆಳು ಮರ ಹತ್ತಿ ಕೊಂಬೆ ಸವರಿ ಬೆಳಕು ಬಿಡುತ್ತಾರೆ. ಮಾಡದಿದ್ದರೆ ಕೊಳೆರೋಗ ಬರುತ್ತದೆ, ಫಸಲು ಬರುವುದಿಲ್ಲ. ಮುರಿದುಬಿದ್ದ ಮರ ತೆಗೆಯಬೇಕಾಗುತ್ತದೆ, ಹೊಸ ಗಿಡ ನೆಡಬೇಕಾಗುತ್ತದೆ. ಒಂದು ವರ್ಷ ಕಾಡು ಅಂತ ಕಂಡ ಜಾಗ ಮುಂದಿನ ವರ್ಷ ತೆಳುವಾಗಿ ಕಂಡರೆ ಅಲ್ಲಿ ಕಾಡು ಕಡಿದರು ಅಂತ ಕಂಪ್ಯೂಟರ್ ಹೇಳಬಹುದು. ನೆರಳು ಉಳಿಸಿಕೊಂಡವನಿಗೇ ಅನುಮಾನ, ಮರ ಪೂರ್ತಿ ಬೋಳಿಸಿದವನಿಗೆ ಏನೂ ಇಲ್ಲ ಅಂತ ಆಗಬಾರದು. ಇದನ್ನು ಸಣ್ಣ ಬೆಳೆಗಾರ ಒಬ್ಬನೇ ಯುರೋಪಿಯನ್ ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸ್‌ಗೆ ಹೇಗೆ ವಿವರಿಸುತ್ತಾನೆ? ಬಾಳೆಹೊನ್ನೂರಿನಲ್ಲಿರುವ ಮಂಡಳಿಯ ಕಾಫಿ ಸಂಶೋಧನಾ ಕೇಂದ್ರಕ್ಕೆ ನೂರು ವರ್ಷದ ಅನುಭವ ಇದೆ. ನೆರಳಿನ ಕಾಫಿ ಅಂದರೆ ಏನು, ಮರಗಸಿ ಅಂದರೆ ಏನು, 2020ಕ್ಕೆ ಮೊದಲು ಎಲ್ಲೆಲ್ಲಿ ಕಾಫಿ ಇತ್ತು ಅಂತ ಅಧಿಕೃತ ನಕ್ಷೆಯ ಸಮೇತ ಅವರ ಮುಂದೆ ಇಡುವ ಶಕ್ತಿ ಮಂಡಳಿಗೆ ಮಾತ್ರ ಇದೆ.

ಮೂಲ ಯಾವುದು ಅಂತ ಕೇಳುವುದು ನಮಗೆ ಹೊಸದಲ್ಲ. ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಕಡಿಮೆ ಸುಂಕಕ್ಕೆ ಬಂದು ನಮ್ಮ ಮೆಣಸಿನ ಬೆಲೆ ಮುರಿದಾಗ, ಈ ಮೆಣಸು ನಿಜವಾಗಿ ಎಲ್ಲಿ ಬೆಳೆದದ್ದು ಅಂತ ಕಾಗದ ಕೇಳಿ ಕೂಗಿದವರು ನಾವೇ. ನಮ್ಮ ಮಾತು ಕೇಳಿ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿತು. ಅಂದು ನಾವು ಕೇಳಿದ್ದನ್ನೇ ಇವತ್ತು ಬೇರೆಯವರು ನಮ್ಮನ್ನು ಕೇಳುತ್ತಿದ್ದಾರೆ. ಕೇಳಬೇಡಿ ಅನ್ನುವ ಹಕ್ಕು ನಮಗಿಲ್ಲ. ಉತ್ತರ ಕೊಡುವ ಶಕ್ತಿ ನಮಗೆ ಬೇಕು.

ಆ ಉತ್ತರ ಯಾರ ಕೈಯಲ್ಲಿರಬೇಕು ಅನ್ನೋದರ ಬಗ್ಗೆ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ಕೊಳ್ಳುವ ಕಂಪನಿಗಳೇ ಜನ ಕಳಿಸಿ ತೋಟ ಅಳೆದು ಕೊಡುತ್ತೇವೆ ಅಂದರೆ ಖರ್ಚಿಲ್ಲದ ಕೆಲಸ ಅಂತ ತುಂಬಾ ಜನ ಒಪ್ಪುತ್ತಾರೆ. ಆದರೆ ಆ ಅಳತೆ ಅವರ ಕಂಪ್ಯೂಟರ್‌ನಲ್ಲಿ ಉಳಿಯುತ್ತದೆ. ಮುಂದಿನ ವರ್ಷ ಬೇರೆಯವರು ಮೂಟೆಗೆ 200 ರೂಪಾಯಿ ಜಾಸ್ತಿ ಕೊಡುತ್ತೇವೆ ಅಂದರೆ ನಮ್ಮ ಹತ್ತಿರ ತೋರಿಸಲು ಏನೂ ಇರುವುದಿಲ್ಲ. 1996ರಲ್ಲಿ ಯಾರಿಗೆ ಬೇಕಾದರೂ ಮಾರುವ ಸ್ವಾತಂತ್ರ್ಯ ಸಿಕ್ಕಿತು. ನಕ್ಷೆ ಕಂಪನಿಯದಾದರೆ ಆ ಸ್ವಾತಂತ್ರ್ಯ ಸದ್ದಿಲ್ಲದೆ ಹೋಗುತ್ತದೆ. ಆದ್ದರಿಂದ ಮಂಡಳಿಯವರಲ್ಲಿ ನನ್ನ ಮೊದಲ ಬೇಡಿಕೆ ಇದು. ಬೆಳೆಗಾರರನ್ನು ನೋಂದಾಯಿಸಲು ನೀವು ಮೊಬೈಲ್ ಆ್ಯಪ್ ತಂದಿದ್ದೀರಿ, ಒಳ್ಳೆಯದು. ಅದರಲ್ಲಿರುವ ದಾಖಲೆ ಬೆಳೆಗಾರನ ಸ್ವತ್ತು ಅಂತ ಬರೆದುಕೊಡಿ. ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಅನ್ನೋದು ಅವನ ತೀರ್ಮಾನವಾಗಲಿ. ಆ್ಯಪ್ ಬಳಸಲು ಬಾರದ ವಯಸ್ಸಾದವರ ಮನೆಗೆ, ಗಂಡ ತೀರಿಕೊಂಡು ಒಬ್ಬರೇ ತೋಟ ನೋಡಿಕೊಳ್ಳುತ್ತಿರುವ ಹೆಣ್ಣುಮಕ್ಕಳ ಮನೆಗೆ ನಿಮ್ಮ ಕ್ಷೇತ್ರ ಸಿಬ್ಬಂದಿಯೇ ಹೋಗಲಿ. ಸಿಗ್ನಲ್ ಸಿಗದ ಊರುಗಳು ನಮ್ಮಲ್ಲಿ ಎಷ್ಟೋ ಇವೆ, ಅದನ್ನೂ ನೆನಪಿಡಿ.

ಕಂದಾಯ ಇಲಾಖೆಯವರಲ್ಲಿ ಕೇಳುವುದು ಇನ್ನೂ ನೇರ. ಕಾಫಿ ತಾಲೂಕುಗಳಲ್ಲಿ ಪೌತಿ ಖಾತೆ ಮತ್ತು ಪೋಡಿ ಕೆಲಸವನ್ನು ಅರ್ಜಿ ಬಂದಾಗ ಮಾಡುವುದಲ್ಲ, ಊರೂರಿಗೆ ಬಂದು ಮಾಡಿ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಸೋಮವಾರಪೇಟೆ, ಮಡಿಕೇರಿ, ವಿರಾಜಪೇಟೆ ಇಲ್ಲೆಲ್ಲ ಹೆಚ್ಚುವರಿ ಸರ್ವೆಯರ್‌ಗಳನ್ನು ಹಾಕಿ. ಪಾಲುದಾರರೆಲ್ಲ ಒಪ್ಪಿದ ಕಡೆ ಗ್ರಾಮದಲ್ಲೇ ಕೂತು ಮುಗಿಸಿ. ತಕರಾರಿರುವ ಕಡೆ, ಜಮ್ಮಾ ಜಮೀನು ಇರುವ ಕಡೆ ಗಡುವಿನೊಳಗೆ ಎಲ್ಲ ಮುಗಿಯುವುದಿಲ್ಲ ಅಂತ ನನಗೂ ಗೊತ್ತು. ಅಲ್ಲಿ ಈ ಜಾಗದಲ್ಲಿ 2020ಕ್ಕೆ ಮೊದಲೇ ಕಾಫಿ ಇತ್ತು, ಇಂಥವರು ಬೆಳೆಯುತ್ತಿದ್ದಾರೆ, ಹಕ್ಕಿನ ವಿಷಯ ಇಂಥ ಹಂತದಲ್ಲಿದೆ ಅಂತ ತಹಸೀಲ್ದಾರರ ಸಹಿ ಇರುವ ಒಂದು ದೃಢೀಕರಣ ಪತ್ರ ಕೊಡಿ. ಗುತ್ತಿಗೆ ಅರ್ಜಿಗಳನ್ನೂ ಹಾಗೆಯೇ. ಕೊಡುವುದಾದರೆ ಕೊಡಿ, ಇಲ್ಲದಿದ್ದರೆ ಯಾಕಿಲ್ಲ ಅಂತ ಬರೆದು ತಿಳಿಸಿ. ಅಂಥ ಪತ್ರವನ್ನು ಯುರೋಪಿನವರು ಒಪ್ಪುವಂತೆ ಮಾತಾಡುವುದು ದೆಹಲಿಯ ವಾಣಿಜ್ಯ ಸಚಿವಾಲಯದ ಕೆಲಸ. ಅವರ ಮೇಲೆ ಒತ್ತಡ ತರಲು ರಾಜ್ಯ ಸರ್ಕಾರವೂ ಮಂಡಳಿಯೂ ಒಟ್ಟಿಗೆ ಹೋಗಬೇಕು.

ತೋಟದ ಕೆಲಸಗಾರರ ವಿಷಯವೂ ಇದರೊಳಗೇ ಇದೆ. ಆ ಕಾನೂನು ಕಾರ್ಮಿಕರ ಹಕ್ಕನ್ನೂ ನೋಡುತ್ತದೆ. ಈಗ ನಮ್ಮ ಲೈನ್ ಮನೆಗಳಲ್ಲಿ ಅಸ್ಸಾಂನಿಂದ ಬಂದ ಕುಟುಂಬಗಳಿವೆ, ಅವರ ಹೆಸರು ಎಷ್ಟೋ ಕಡೆ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಸರಿಪಡಿಸುವುದು ಬೆಳೆಗಾರರಾದ ನಮ್ಮ ಹೊಣೆ, ಅದರಲ್ಲಿ ಎರಡು ಮಾತಿಲ್ಲ.

ಮಂಡಳಿಗೆ ಇನ್ನೊಂದು ಕೋರಿಕೆ. ಪ್ರತಿ ಹೋಬಳಿಯಲ್ಲಿ ಔಟ್‌ಟರ್ನ್ ಮತ್ತು ತೇವ ಅಳೆಯುವ ಒಂದು ಸಾರ್ವಜನಿಕ ಕೇಂದ್ರ ಇಡಿ. ದೊಡ್ಡ ಖರ್ಚಿನ ಕೆಲಸವಲ್ಲ. ಸಿಪ್ಪೆ ತೆಗೆಯುವ ಒಂದು ಸಣ್ಣ ಹಲ್ಲರ್, ತೇವದ ಮೀಟರ್, ಸರಿಯಾದ ತಕ್ಕಡಿ, ಕುಯ್ಲಿನ ತಿಂಗಳುಗಳಲ್ಲಿ ಕೂರಲು ಒಬ್ಬರು ಸಾಕು. ಬೆಳೆಗಾರ ತನ್ನ ಸ್ಯಾಂಪಲ್ ತಂದು ಚೀಟಿ ಬರೆಸಿಕೊಂಡು ಹೋಗಲಿ. ಆ ಚೀಟಿ ಮತ್ತು ತೋಟದ ನಕ್ಷೆ ಎರಡೂ ಕೈಯಲ್ಲಿದ್ದರೆ ವ್ಯಾಪಾರಿಯ ಎದುರು ಮಾತಾಡುವ ರೀತಿಯೇ ಬೇರೆಯಾಗುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಇವಕ್ಕೆಲ್ಲ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಆಯಾ ಪ್ರದೇಶದ ಕಾಫಿಗೆ ಮಾತ್ರ ಸಲ್ಲುವ ಹೆಸರು, ಸಿಕ್ಕಿತು. ಗೋದಾಮಿನಲ್ಲಿ ಎಲ್ಲ ಬೆರೆತು ಹೋಗುವುದರಿಂದ ಸಣ್ಣವರ ಕಾಫಿ ಆ ಹೆಸರಿನಲ್ಲಿ ಮಾರಾಟವಾಗುವುದೇ ಅಪರೂಪ. ಯಾವ ಮೂಟೆ ಯಾವ ತೋಟದ್ದು ಅಂತ ಹೇಳಲು ಸಾಧ್ಯವಾದರೆ, ಹತ್ತಿಪ್ಪತ್ತು ಮನೆಯವರು ಸೇರಿ ತಮ್ಮ ಊರಿನ ಹೆಸರಿನಲ್ಲೇ ಒಂದು ಕಂಟೈನರ್ ಕಳಿಸಬಹುದು.

ಅರೇಬಿಕಾ ಕುಯ್ಲು ನವೆಂಬರ್‌ಗೆ ಶುರುವಾಗುತ್ತದೆ, ರೋಬಸ್ಟಾ ಹೊಸ ವರ್ಷದಲ್ಲಿ. ಡಿಸೆಂಬರ್ 30 ಇವೆರಡರ ನಡುವೆ ಬರುತ್ತದೆ. ಅಂದರೆ 2026ರ ಹೂಮಳೆಗೆ (ಹೂ ಅರಳಿಸುವ ಮಳೆ) ಕಾಯಿ ಕಚ್ಚಿದ ರೋಬಸ್ಟಾ ಪೂರ್ತಿಯಾಗಿ ಈ ಕಾನೂನಿನ ಕೆಳಗೆ ಹೋಗುವ ಮೊದಲ ಫಸಲು. ಆದ್ದರಿಂದ ಎರಡು ದಿನಾಂಕ ತಿಳಿಸಿ: ಪೋಡಿ ಮತ್ತು ಪೌತಿ ಖಾತೆ ಕೆಲಸ ನಮ್ಮ ಹೋಬಳಿಗಳಲ್ಲಿ ಯಾವತ್ತು ಶುರುವಾಗುತ್ತದೆ, ಮಂಡಳಿಯ ಸಿಬ್ಬಂದಿ ಯಾವತ್ತಿನಿಂದ ಮನೆ ಮನೆಗೆ ಬರುತ್ತಾರೆ. ಗ್ರಾಮ ಪಂಚಾಯಿತಿ ಬೋರ್ಡಿನ ಮೇಲೆ ಹಾಕಿಸಿದರೆ ಸಾಕು. ಪಾಲುದಾರರನ್ನು ಕರೆಸುವುದು, ಬೇಲಿ ತೋರಿಸುವುದು, ಹಳೆಯ ಕಂದಾಯ ರಸೀದಿ ಹುಡುಕಿ ತರುವುದು, ಸರ್ವೆಯರ್ ಜೊತೆ ತೋಟ ಸುತ್ತುವುದು ನಮ್ಮ ಕೆಲಸ. ಅದಕ್ಕೆ ಊರಿನವರೆಲ್ಲ ತಯಾರಿದ್ದೇವೆ.

ಇಂತಿ,
ಸಕಲೇಶಪುರ ತಾಲೂಕಿನ ಒಬ್ಬ ಕಾಫಿ ಬೆಳೆಗಾರ